ರಕ್ತದ ಕ್ಯಾನ್ಸರಿನ ಕಣ ಬಲಿತು ಸರಿಯಾದ ರಕ್ತಕಣವಾಗಬಲ್ಲದೇ?

ಪ್ರಶ್ನೆ: ನಮ್ಮದು ಬ್ರಹ್ಮಾವರ. ನನ್ನ ಅಕ್ಕನ ಮಗನಿಗೆ 24 ವರ್ಷ. ಜುಲೈ ತಿಂಗಳಲ್ಲಿ ಜ್ವರ ಬಂದು ವಸಡಿನಿಂದ ರಕ್ತ ಒಸರತೊಡಗಿತು. ಪ್ಲೇಟ್‌ಲೆಟ್ ಇಳಿದದ್ದರಿಂದ ಡೆಂಗ್ಯೂ ಇರಬೇಕೆಂದು ನಾಲ್ಕು ದಿನ ಪಪ್ಪಾಯಿ ಎಲೆಯ ರಸ ಕುಡಿಸಿದೆವು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಅದು 'ಎಪಿಎಲ್' ಎಂಬ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಮಾತ್ರೆ ಮತ್ತು ಆರ್ಸೆನಿಕ್ ಇಂಜೆಕ್ಷನ್ ಕೊಟ್ಟರೆ ಕೆಟ್ಟ ಕಣಗಳೇ ಬಲಿತು ಒಳ್ಳೆಯ ಕಣಗಳಾಗುತ್ತವೆ, ಕೀಮೋ ಬೇಕಾಗಲಿಕ್ಕಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಇದು ನಿಜವೇ? ಮದ್ದು ಶುರುವಾದ ಮೇಲೆ ಬಿಳಿರಕ್ತಕಣಗಳ ಸಂಖ್ಯೆ 3,000ದಿಂದ 22,000ಕ್ಕೆ ಏರಿದ್ದು ಏಕೆ? ಮಾತ್ರೆ ಎ ವಿಟಮಿನ್ ಜಾತಿಯದಂತೆ, ಹಾಗಾದರೆ ಕ್ಯಾರೆಟ್, ಮೀನೆಣ್ಣೆ ಕೊಡಬಹುದೇ? ಪಾಷಾಣದ ಭಸ್ಮ ಕೊಡುವವರೊಬ್ಬರ ಬಗ್ಗೆ ನೆಂಟರು ಹೇಳುತ್ತಿದ್ದಾರೆ. ನೆರೆಮನೆಯ ಆರು ವರ್ಷದ ಮಗುವಿಗೂ ರಕ್ತದ ಕ್ಯಾನ್ಸರ್ ಇದೆ, ಅದು 'ಎಎಲ್‌ಎಲ್' ಅಂತೆ. ಅದಕ್ಕೆ ಇದೇ ಮದ್ದು ಏಕಿಲ್ಲ?

ಉತ್ತರ: ವೈದ್ಯರು ನಿಮಗೆ ಹೇಳಿದ್ದು ನಿಜ. ಕ್ಯಾನ್ಸರ್ ಕಣವನ್ನು ನೇರವಾಗಿ ಕೊಲ್ಲುವ ಬದಲು ಅದನ್ನು ಬಲಿಯುವಂತೆ ಮಾಡಿ ರೋಗ ಗುಣಪಡಿಸಬಹುದು ಎಂಬುದು ಸಂಪೂರ್ಣವಾಗಿ ಸಾಬೀತಾಗಿರುವ ಕಾಯಿಲೆ ಸದ್ಯಕ್ಕೆ ಒಂದೇ ಒಂದು, ಮತ್ತು ನಿಮ್ಮ ಸೋದರಳಿಯನಿಗೆ ಬಂದಿರುವುದು ಅದೇ ಕಾಯಿಲೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯ ಎಂಬುದು ಅದರ ಪೂರ್ತಿ ಹೆಸರು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯ ಎಂಬ ದೊಡ್ಡ ಗುಂಪಿನಲ್ಲಿ ಇದರ ಪಾಲು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಆದ್ದರಿಂದ ಇಲ್ಲಿ ಹೇಳುವುದನ್ನು ಉಳಿದ ರಕ್ತದ ಕ್ಯಾನ್ಸರುಗಳಿಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ನಮ್ಮ ಮೂಳೆಯೊಳಗಿನ ಮಜ್ಜೆ, ಅಂದರೆ ಬೋನ್ ಮ್ಯಾರೋ, ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಕಣಗಳನ್ನು ತಯಾರಿಸುತ್ತದೆ. ಸೋಂಕಿನ ವಿರುದ್ಧ ಮೊದಲು ಓಡುವ ಬಿಳಿರಕ್ತಕಣಗಳು ಇವೇ. ಎಳೆಯ ಕಣವೊಂದು ಮೈಲೋಬ್ಲಾಸ್ಟ್, ಪ್ರೊಮೈಲೋಸೈಟ್, ಮೈಲೋಸೈಟ್ ಎಂಬ ಹಂತಗಳನ್ನು ದಾಟಿ ನ್ಯೂಟ್ರೋಫಿಲ್ ಆಗುತ್ತದೆ, ರಕ್ತದಲ್ಲಿ ಕೆಲವೇ ಗಂಟೆಗಳಿಂದ ಹೆಚ್ಚೆಂದರೆ ಒಂದೆರಡು ದಿನ ಕೆಲಸ ಮಾಡಿ ಸಾಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬಲಿತ ಕಣಕ್ಕೆ ಮತ್ತೆ ವಿಭಜನೆಯಾಗುವ ಶಕ್ತಿಯಿಲ್ಲ, ಎಳೆಯ ಕಣಕ್ಕೆ ಇದೆ. ಎಪಿಎಲ್‌ನಲ್ಲಿ ಕಣಗಳು ಪ್ರೊಮೈಲೋಸೈಟ್ ಹಂತದಲ್ಲೇ ನಿಂತುಬಿಡುತ್ತವೆ. ತೆನೆಗೆ ಬಾರದೆ ಮಡಿಯಲ್ಲೇ ಹುಲುಸಾಗಿ ಹಬ್ಬಿ ಗದ್ದೆಯನ್ನೆಲ್ಲ ಮುಚ್ಚುವ ನೇಜಿಯಂತೆ ಅವು ಮಜ್ಜೆಯನ್ನು ತುಂಬಿಕೊಳ್ಳುತ್ತವೆ. ಕೆಂಪು ರಕ್ತಕಣಕ್ಕೂ ಪ್ಲೇಟ್‌ಲೆಟ್‌ಗೂ ಜಾಗವಿಲ್ಲದಂತಾಗುತ್ತದೆ.

ಹೀಗೆ ತಡೆಯುವುದು ಯಾವುದು? 15ನೆಯ ಮತ್ತು 17ನೆಯ ವರ್ಣತಂತುಗಳ ತುಂಡುಗಳು ಪರಸ್ಪರ ಅದಲುಬದಲಾಗುವುದನ್ನು ಅಮೆರಿಕದ ಜಾನೆಟ್ ರೌಲಿ ಮತ್ತು ಅವರ ಸಂಗಡಿಗರು 1977ರಲ್ಲಿ ಗುರುತಿಸಿದರು. ಈ ಅದಲುಬದಲಿನಿಂದ ಎರಡು ಜೀನುಗಳು ಬೆಸೆದುಕೊಂಡು ಪಿಎಂಎಲ್–ರಾರಾ ಎಂಬ ಮಿಶ್ರ ಪ್ರೋಟೀನ್ ಹುಟ್ಟುತ್ತದೆ ಎಂಬುದು 1990ರ ಸುಮಾರಿಗೆ ಗೊತ್ತಾಯಿತು. ಇದರ 'ರಾರಾ' ಭಾಗವು ಸಹಜವಾಗಿ ರೆಟಿನಾಯಿಕ್ ಆಮ್ಲದ ಸಂಕೇತವನ್ನು ಸ್ವೀಕರಿಸಿ, ಕಣ ಬಲಿಯಲು ಬೇಕಾದ ಜೀನುಗಳನ್ನು ಎಬ್ಬಿಸುವ ಪ್ರೋಟೀನು. ರೆಟಿನಾಯಿಕ್ ಆಮ್ಲವು ಎ ವಿಟಮಿನ್‌ನಿಂದ ನಮ್ಮ ದೇಹದಲ್ಲೇ ತಯಾರಾಗುತ್ತದೆ. ಬೆಸುಗೆಯಾದ ಪ್ರೋಟೀನು ಮಾತ್ರ ಆ ಜೀನುಗಳ ಮೇಲೆ ಕುಳಿತು ಅವುಗಳನ್ನು ಅದುಮಿ ಹಿಡಿಯುತ್ತದೆ. ರಕ್ತದಲ್ಲಿ ಸಹಜವಾಗಿರುವಷ್ಟು ರೆಟಿನಾಯಿಕ್ ಆಮ್ಲಕ್ಕೆ ಅದು ಜಗ್ಗುವುದಿಲ್ಲ. ನೂರು ಪಟ್ಟಿಗೂ ಹೆಚ್ಚು ಸಾಂದ್ರತೆಯಲ್ಲಿ ಕೊಟ್ಟಾಗ ಹಿಡಿತ ಸಡಿಲಿಸುತ್ತದೆ.

ನಿಮ್ಮ ಕ್ಯಾರೆಟ್ಟಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಾತ್ರೆಯಲ್ಲಿರುವುದು ಆಲ್ ಟ್ರಾನ್ಸ್ ರೆಟಿನಾಯಿಕ್ ಆಮ್ಲ, ಆಸ್ಪತ್ರೆಯ ಮಾತಿನಲ್ಲಿ 'ಆಟ್ರಾ'. ಅದನ್ನು ಸಾಮಾನ್ಯವಾಗಿ ಮೈಯ ಮೇಲ್ಮೈ ವಿಸ್ತೀರ್ಣದ ಒಂದು ಚದರ ಮೀಟರಿಗೆ ದಿನಕ್ಕೆ 45 ಮಿಲಿಗ್ರಾಂ ಲೆಕ್ಕದಲ್ಲಿ, ಎರಡು ಹೊತ್ತಿಗೆ ಹಂಚಿ ಕೊಡುತ್ತಾರೆ. ಕ್ಯಾರೆಟ್, ಮಾವು, ಪಪ್ಪಾಯಿ ಎಷ್ಟು ತಿಂದರೂ ರಕ್ತದ ರೆಟಿನಾಯಿಕ್ ಆಮ್ಲ ಆ ಮಟ್ಟಕ್ಕೆ ಏರುವುದಿಲ್ಲ, ಏಕೆಂದರೆ ದೇಹ ಅದನ್ನು ಬಿಗಿಯಾಗಿ ನಿಯಂತ್ರಿಸುತ್ತದೆ. ಆಹಾರವಾಗಿ ಇವನ್ನು ತಿನ್ನುವುದಕ್ಕೆ ನನ್ನ ಆಕ್ಷೇಪಣೆಯೇನೂ ಇಲ್ಲ. ಮೀನೆಣ್ಣೆಯ ವಿಷಯ ಹಾಗಲ್ಲ. ಮೀನಿನ ಪಿತ್ತಜನಕಾಂಗದಿಂದ ತೆಗೆದ ಎಣ್ಣೆಯಲ್ಲಿ ಎ ವಿಟಮಿನ್ ಸಿದ್ಧರೂಪದಲ್ಲೇ ಇರುತ್ತದೆ. ಅದು ಆಟ್ರಾದ ಜತೆ ಸೇರಿದರೆ ಪಿತ್ತಜನಕಾಂಗಕ್ಕೆ ಹೊರೆಯಾಗುತ್ತದೆ, ತಲೆಬುರುಡೆಯೊಳಗಿನ ಒತ್ತಡ ಏರಿ ವಿಪರೀತ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಇವೆಲ್ಲ ಆಗಬಹುದು. ನಮ್ಮ ಜಿಲ್ಲೆಗಳವರಿಗೆ ಇದೇ ಕಾರಣಕ್ಕಾಗಿ ಇನ್ನೊಂದು ಮಾತು ಹೇಳಬೇಕು. ಇಲಿಜ್ವರದ ಭಯದಿಂದ ಮಳೆಗಾಲದಲ್ಲಿ ಇಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುವ ರೂಢಿಯಿದೆ. ಟೆಟ್ರಾಸೈಕ್ಲಿನ್ ವರ್ಗದ ಆ ಮಾತ್ರೆಯೂ ಆಟ್ರಾದೊಂದಿಗೆ ಸೇರಿ ತಲೆಯೊಳಗಿನ ಒತ್ತಡವನ್ನು ಹೆಚ್ಚಿಸಬಲ್ಲದು. ಹುಡುಗ ಚಿಕಿತ್ಸೆಯಲ್ಲಿರುವಷ್ಟು ಕಾಲ ಮೆಡಿಕಲ್ ಶಾಪಿನಿಂದ ಒಂದು ಮಾತ್ರೆಯನ್ನೂ ವೈದ್ಯರನ್ನು ಕೇಳದೆ ತರಬೇಡಿ.

ಈ ಚಿಕಿತ್ಸೆಯ ಹಿಂದೆ ಹಲವರ ಕೆಲಸವಿದೆ. 1971ರಲ್ಲಿ ಅಮೆರಿಕದ ಷಾರ್ಲಟ್ ಫ್ರೆಂಡ್ ಅವರು ಇಲಿಯ ಲ್ಯುಕೇಮಿಯ ಕಣಗಳಿಗೆ ಡಿಎಂಎಸ್‌ಒ ಎಂಬ ದ್ರಾವಕವನ್ನು ಹಾಕಿದಾಗ ಆ ಕಣಗಳು ಹಿಮೋಗ್ಲೋಬಿನ್ ತಯಾರಿಸತೊಡಗಿದ್ದನ್ನು ತೋರಿಸಿದರು. ಇಸ್ರೇಲಿನ ಲಿಯೋ ಸಾಕ್ಸ್ ಅವರೂ ಇದೇ ದಿಕ್ಕಿನಲ್ಲಿ ವರ್ಷಗಟ್ಟಲೆ ದುಡಿದರು. 1980ರ ಸುಮಾರಿಗೆ ಅಮೆರಿಕದ ಬ್ರೈಟ್‌ಮನ್ ಮತ್ತು ಸಂಗಡಿಗರು ಮನುಷ್ಯರ ಲ್ಯುಕೇಮಿಯ ಕಣಗಳು ರೆಟಿನಾಯಿಕ್ ಆಮ್ಲದಿಂದ ಬಲಿಯುವುದನ್ನು ಪ್ರಯೋಗಾಲಯದಲ್ಲಿ ಕಂಡರು. ರೋಗಿಗೆ ಅದನ್ನು ಕೊಡುವ ಧೈರ್ಯ ಮಾಡಿದವರು ಶಾಂಘೈನ ವಾಂಗ್ ಝೆನ್‌ಯಿ. 1985ರಲ್ಲಿ, ಕೀಮೋ ಫಲಿಸದೆ ಸಾವಿನಂಚಿನಲ್ಲಿದ್ದ ಐದು ವರ್ಷದ ಬಾಲಕಿಯೊಬ್ಬಳಿಗೆ ಅವರು ಆಟ್ರಾ ಕೊಟ್ಟರು, ಮಗು ಚೇತರಿಸಿಕೊಂಡಿತು. 1988ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಲ್ಲಿ 24 ರೋಗಿಗಳಿದ್ದರು. ಅವರಲ್ಲಿ 23 ಮಂದಿಗೆ ಆಟ್ರಾ ಒಂದರಿಂದಲೇ ರೋಗ ಪೂರ್ತಿ ಹಿಂಜರಿದಿತ್ತು, ಉಳಿದ ಒಬ್ಬರಿಗೆ ಸ್ವಲ್ಪ ಕೀಮೋ ಜತೆಗೂಡಿಸಬೇಕಾಯಿತು.

ಕಣ ಬಲಿಯುತ್ತದೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಪುರಾವೆ ಇದೆಯೇ ಎಂದು ನೀವು ಕೇಳಬಹುದು. ಇದೆ, ಸೂಕ್ಷ್ಮದರ್ಶಕದ ಕೆಳಗೇ ಇದೆ. ರೋಗ ಪತ್ತೆಯಾದ ದಿನದ ಮಜ್ಜೆಯ ಸ್ಲೈಡಿನಲ್ಲಿ ಕೆಂಗಂದು ಹರಳುಗಳಿಂದ ಕಿಕ್ಕಿರಿದ ದೊಡ್ಡ ಕಣಗಳಿರುತ್ತವೆ. ಕೆಲವು ಕಣಗಳೊಳಗೆ 'ಔಯರ್ ಕಡ್ಡಿ' ಎನ್ನುವ ಸೂಜಿಯಂಥ ಕೆಂಪು ಗೆರೆಗಳು ಸೌದೆಯ ಹೊರೆ ಕಟ್ಟಿಟ್ಟ ಹಾಗೆ ಗುಂಪಾಗಿರುತ್ತವೆ. ಆಟ್ರಾ ಶುರುವಾಗಿ ಹತ್ತು ಹದಿನೈದು ದಿನವಾದ ಮೇಲೆ ಅದೇ ರೋಗಿಯ ರಕ್ತದ ಸ್ಲೈಡನ್ನು ನೋಡಿದರೆ, ಕಣದ ಕೇಂದ್ರ ಬಲಿತ ನ್ಯೂಟ್ರೋಫಿಲ್‌ನಲ್ಲಿ ಇರಬೇಕಾದ ಹಾಗೆ ಮೂರು ನಾಲ್ಕು ಹಾಲೆಗಳಾಗಿ ಒಡೆದಿರುತ್ತದೆ, ಆದರೆ ಕಣದೊಳಗೆ ಔಯರ್ ಕಡ್ಡಿ ಹಾಗೆಯೇ ಉಳಿದಿರುವುದೂ ಉಂಟು. ಸಹಜ ನ್ಯೂಟ್ರೋಫಿಲ್‌ನಲ್ಲಿ ಆ ಕಡ್ಡಿ ಇರಲು ಸಾಧ್ಯವಿಲ್ಲ. ಫಿಶ್ ಎಂಬ ಪರೀಕ್ಷೆ ಮಾಡಿದರೆ ಆ ಬಲಿತ ಕಣದಲ್ಲೂ 15–17ರ ಬೆಸುಗೆ ಕಾಣುತ್ತದೆ. ಹೀಗಾಗಿ 'ಕೆಟ್ಟ ಕಣ ಒಳ್ಳೆಯ ಕಣವಾಗುತ್ತದೆ' ಎಂಬ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕಣದ ದೋಷ ಹೋಗುವುದಿಲ್ಲ. ದೋಷವಿರುವಂತೆಯೇ ಅದು ಬಲಿತು, ವಿಭಜನೆಯ ಶಕ್ತಿ ಕಳೆದುಕೊಂಡು, ಬಲಿತ ಕಣಕ್ಕೆ ಇರುವಷ್ಟೇ ಆಯುಸ್ಸನ್ನು ಕಳೆದು ಸಾಯುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ದೋಷವಿಲ್ಲದ ಮೂಲಕಣಗಳು ಚಿಗುರಿ, ನಿಜವಾದ ಸಹಜ ರಕ್ತವನ್ನು ತಯಾರಿಸುತ್ತವೆ.

ಬಿಳಿರಕ್ತಕಣ 3,000ದಿಂದ 22,000ಕ್ಕೆ ಏರಿದ್ದರ ಅರ್ಥವೂ ಇದೇ. ಮಜ್ಜೆಯಲ್ಲಿ ತುಂಬಿಕೊಂಡಿದ್ದ ಕಣಗಳು ಬಲಿಯುತ್ತಾ ರಕ್ತಕ್ಕೆ ಇಳಿಯುತ್ತಿವೆ. ರೋಗ ಉಲ್ಬಣಿಸಿತೆಂದು ಇದರಿಂದ ತಿಳಿಯಬಾರದು. ಹಾಗೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. ಒಮ್ಮೆಗೇ ಬಲಿಯುವ ಈ ಕಣಗಳು ಶ್ವಾಸಕೋಶ ಮುಂತಾದ ಅಂಗಗಳೊಳಗೆ ನುಗ್ಗಿ ಉರಿಯೂತದ ರಾಸಾಯನಿಕಗಳನ್ನು ಸುರಿಸುವುದುಂಟು. ಇದನ್ನು ಡಿಫರೆನ್ಷಿಯೇಷನ್ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬರುವ ಈ ತೊಂದರೆ ಹೆಚ್ಚಾಗಿ ಮೊದಲ ಮೂರು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ಕಾರಣ ತಿಳಿಯದ ಜ್ವರ, ಉಬ್ಬಸ, ಕಾಲಿನ ಊತ, ಮೂತ್ರ ಕಡಿಮೆಯಾಗುವುದು, ಎರಡು ಮೂರು ದಿನಗಳಲ್ಲಿ ತೂಕ ಧಿಗ್ಗನೆ ಏರುವುದು ಇದರ ಲಕ್ಷಣಗಳು. ದಿನಾ ಬೆಳಿಗ್ಗೆ ರೋಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವ ನರ್ಸಮ್ಮನವರ ಕೆಲಸ ಬರೀ ದಾಖಲೆಗಾಗಿ ಎಂದು ನೀವು ಭಾವಿಸಿದ್ದರೆ, ಅದರ ಕಾರಣ ಇದು. ಅನುಮಾನ ಬಂದ ಕೂಡಲೇ, ಖಚಿತವಾಗುವವರೆಗೆ ಕಾಯದೆ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು 10 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ ಕೊಡುವುದು ಕ್ರಮ. ಕಣಗಳ ಸಂಖ್ಯೆ ತೀರ ಏರಿದರೆ ಹೈಡ್ರಾಕ್ಸಿಯೂರಿಯಾ ಎಂಬ ಸೌಮ್ಯವಾದ ಕೀಮೋ ಮದ್ದನ್ನು ಕೊಟ್ಟು ಇಳಿಸುತ್ತಾರೆ. 'ಕೀಮೋ ಬೇಡ ಎಂದಿದ್ದರಲ್ಲ, ಈಗ ಇದೇನು' ಎಂದು ಆಗ ಗಾಬರಿಪಡಬೇಡಿ. ಚಿಕಿತ್ಸೆಗೆ ಮೊದಲೇ ಬಿಳಿರಕ್ತಕಣ 10,000ಕ್ಕಿಂತ ಹೆಚ್ಚಿದ್ದವರಿಗೆ ಮಾತ್ರ ಆರಂಭದಲ್ಲೇ ಬಲವಾದ ಕೀಮೋ ಸೇರಿಸುವ ಪದ್ಧತಿಯಿದೆ. ನಿಮ್ಮ ಹುಡುಗನಿಗೆ ಆರಂಭದಲ್ಲಿ ಇದ್ದದ್ದು 3,000, ಅದು ಒಳ್ಳೆಯ ಗುಂಪು.

ಇನ್ನು ಆರ್ಸೆನಿಕ್. ಆಟ್ರಾ ಒಂದನ್ನೇ ಕೊಟ್ಟು ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ರೋಗ ಮರಳುತ್ತದೆ ಎಂಬುದು ಶಾಂಘೈನ ಅನುಭವದಿಂದ ಬೇಗನೆ ಗೊತ್ತಾಯಿತು. ಹಾಗಾದರೆ ಬಲಿಸುವುದಷ್ಟೇ ಸಾಲದು. ರೋಗದ ಬೇರಿನಂಥ ಕಣಗಳಲ್ಲಿ ಆ ಬೆಸುಗೆಯ ಪ್ರೋಟೀನೇ ನಾಶವಾಗಬೇಕು. ಫ್ರಾನ್ಸಿನ ಯೂಗ್ ದ ತೇ ಮತ್ತು ಇತರರ ಸಂಶೋಧನೆಗಳಿಂದ ಈ ವಿಚಾರ ಸ್ಪಷ್ಟವಾಯಿತು. ಆಟ್ರಾ ಆ ಪ್ರೋಟೀನಿನ ರಾರಾ ತುದಿಯನ್ನು ಹಿಡಿದರೆ, ಆರ್ಸೆನಿಕ್ ಅದರ ಪಿಎಂಎಲ್ ತುದಿಗೆ ಅಂಟಿಕೊಂಡು, ಕಣದ ಸ್ವಂತ ಕಸ ವಿಲೇವಾರಿ ವ್ಯವಸ್ಥೆಯಿಂದಲೇ ಅದನ್ನು ಒಡೆಸಿಹಾಕುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಚಿಕಿತ್ಸೆಯ ನಿಜವಾದ ಗುಟ್ಟು ಈ ಎರಡನೆಯ ಕೆಲಸ. ಪತ್ರಿಕೆಗಳಲ್ಲಿ ಹೆಚ್ಚು ಹೊಗಳಿಸಿಕೊಂಡದ್ದು ಮೊದಲನೆಯದು. 2013ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಲೊ ಕೊಕೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನ ಅಪಾಯವಿಲ್ಲದ ಗುಂಪಿನ ರೋಗಿಗಳ ಪೈಕಿ ಆಟ್ರಾ ಮತ್ತು ಆರ್ಸೆನಿಕ್ ಪಡೆದವರಲ್ಲಿ ನೂರಕ್ಕೆ 97 ಮಂದಿ ಎರಡು ವರ್ಷಗಳ ಕೊನೆಗೆ ರೋಗ ಮರಳದೆ ಬದುಕಿದ್ದರು. ಆಟ್ರಾ ಮತ್ತು ಕೀಮೋ ಪಡೆದವರಲ್ಲಿ ಆ ಸಂಖ್ಯೆ 86. ನಮ್ಮ ದೇಶದ ಕೊಡುಗೆಯೂ ಇಲ್ಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಹೊಸದಾಗಿ ರೋಗ ಪತ್ತೆಯಾದ 72 ಮಂದಿಗೆ ಮುಖ್ಯವಾಗಿ ಆರ್ಸೆನಿಕ್ ಒಂದನ್ನೇ ಕೊಟ್ಟು, ಸುಮಾರು 86 ಶೇಕಡ ರೋಗಿಗಳಲ್ಲಿ ರೋಗ ಹಿಂಜರಿದದ್ದನ್ನು 2006ರಲ್ಲಿ ವರದಿ ಮಾಡಿದರು. ದುಬಾರಿ ಚಿಕಿತ್ಸೆ ಕೈಗೆಟುಕದ ಕುಟುಂಬಗಳಿಗೆ ಅದು ದೊಡ್ಡ ಆಸರೆಯಾಯಿತು.

ಪಾಷಾಣದ ಭಸ್ಮದ ವಿಚಾರವನ್ನು ನೀವು ಸಂಕೋಚದಿಂದ ಕೇಳಿದಂತಿದೆ. ಸಂಕೋಚಪಡಬೇಕಾಗಿಲ್ಲ, ಪ್ರಶ್ನೆ ಯೋಗ್ಯವಾದದ್ದೇ. ಇಂದಿನ ಆರ್ಸೆನಿಕ್ ಇಂಜೆಕ್ಷನ್ನಿನ ಮೂಲವೂ ನಾಟಿ ಮದ್ದೇ. 1970ರ ದಶಕದಲ್ಲಿ ಚೀನದ ಹಾರ್ಬಿನ್ ನಗರದ ಝಾಂಗ್ ಟಿಂಗ್‌ಡಾಂಗ್ ಮತ್ತು ಅವರ ಜತೆಗಾರರು, ಹಳ್ಳಿಯ ವೈದ್ಯರು ಬಳಸುತ್ತಿದ್ದ ಮದ್ದೊಂದನ್ನು ಪರೀಕ್ಷೆಗೆ ಒಡ್ಡಿದರು. ಅದರಲ್ಲಿ ಆರ್ಸೆನಿಕ್, ಪಾದರಸದ ಲವಣ, ಕಪ್ಪೆಯ ವಿಷ ಇವೆಲ್ಲ ಇದ್ದವು. ಒಂದೊಂದನ್ನೇ ಬೇರ್ಪಡಿಸಿ ನೋಡಿ, ಕೆಲಸ ಮಾಡುವುದು ಆರ್ಸೆನಿಕ್ ಎಂದು ಗುರುತಿಸಿ ಉಳಿದದ್ದನ್ನು ಬಿಟ್ಟರು. ನಮ್ಮ ರಸಶಾಸ್ತ್ರದಲ್ಲಿಯೂ ಗೌರೀಪಾಷಾಣ, ಹರಿತಾಳ, ಮನಃಶಿಲೆಗಳಿವೆ, ಅವುಗಳಲ್ಲಿ ಆರ್ಸೆನಿಕ್ ಇರುವುದೂ ಹೌದು. ಆದರೆ ಇಂಜೆಕ್ಷನ್ನಿನಲ್ಲಿ ರೋಗಿಗೆ ಹೋಗುವುದು ತೂಕದ ಕಿಲೋವೊಂದಕ್ಕೆ ದಿನಕ್ಕೆ 0.15 ಮಿಲಿಗ್ರಾಂ. 60 ಕಿಲೋ ತೂಕದವನಿಗೆ ಅದು 9 ಮಿಲಿಗ್ರಾಂ ಆಯಿತು. ಅಷ್ಟಕ್ಕೂ ಹೃದಯದ ಲಯ ತಪ್ಪೀತೆಂದು ಇಸಿಜಿಯಲ್ಲಿ ಕ್ಯೂಟಿ ಅಂತರವನ್ನು ಅಳೆಯುತ್ತಾ, ರಕ್ತದ ಪೊಟ್ಯಾಸಿಯಂ 4ರ ಮೇಲೆ ಇರುವಂತೆ ನೋಡಿಕೊಳ್ಳುತ್ತಾ ಕೊಡಬೇಕಾಗುತ್ತದೆ. ಎಷ್ಟು ಆರ್ಸೆನಿಕ್ ಇದೆಯೆಂದು ಯಾರೂ ಅಳೆಯದ ಭಸ್ಮವನ್ನು ಈ ಇಂಜೆಕ್ಷನ್ನಿನ ಮೇಲೆ ಕೊಡುವುದು ಪ್ರಾಣಕ್ಕೆ ಅಪಾಯ. ಇಂಜೆಕ್ಷನ್ ಬಿಟ್ಟು ಭಸ್ಮವನ್ನು ಮಾತ್ರ ಕೊಡುವುದು ಗುಣವಾಗುವ ಕಾಯಿಲೆಯನ್ನು ಕೈಯಾರೆ ಕೆಡಿಸಿಕೊಂಡಂತೆ. ನೆಂಟರಿಗೆ ಇದನ್ನು ಖಡಾಖಂಡಿತವಾಗಿ ಹೇಳಿ.

ನೀವು ಕೇಳದ ಒಂದು ವಿಷಯವನ್ನು ಇತರ ಓದುಗರಿಗಾಗಿ ಸೇರಿಸುತ್ತೇನೆ. ಎಪಿಎಲ್‌ನಲ್ಲಿ ಜೀವ ಹೋಗುವುದಾದರೆ ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಅದೂ ರಕ್ತಸ್ರಾವದಿಂದ, ಮುಖ್ಯವಾಗಿ ಮೆದುಳಿನೊಳಗಿನ ಸ್ರಾವದಿಂದ. ಪ್ಲೇಟ್‌ಲೆಟ್ ಇಳಿಯುವುದರ ಜತೆಗೆ, ಈ ಕಣಗಳು ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಮುಂತಾದ ವಸ್ತುಗಳನ್ನೂ ಬರಿದು ಮಾಡುತ್ತವೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಜ್ವರ ಮತ್ತು ಪ್ಲೇಟ್‌ಲೆಟ್ ಇಳಿತ ಎಂದರೆ ಡೆಂಗ್ಯೂ, ಮಲೇರಿಯಾ ಅಥವಾ ಇಲಿಜ್ವರ ಎಂದುಕೊಳ್ಳುವುದು ಸಹಜ, ಬಹುಪಾಲು ಸಲ ಅದೇ ಸರಿಯೂ ಹೌದು. ಆದರೆ ಡೆಂಗ್ಯೂ ಪರೀಕ್ಷೆ ನೆಗೆಟಿವ್ ಬಂದಿದ್ದು, ಹಿಮೋಗ್ಲೋಬಿನ್ ಕೂಡ ಇಳಿದಿದ್ದು, ಇಂಜೆಕ್ಷನ್ ಚುಚ್ಚಿದ ಕಡೆ ನೀಲಿಗಟ್ಟುತ್ತಿದ್ದು, ವಸಡಿನ ರಕ್ತ ನಿಲ್ಲದಿದ್ದರೆ, ಯಂತ್ರ ಕೊಟ್ಟ ಸಂಖ್ಯೆಗಳಲ್ಲಿ ತೃಪ್ತರಾಗದೆ, ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ರೋಗಶಾಸ್ತ್ರಜ್ಞರು ಸ್ವತಃ ಕಣ್ಣಿಟ್ಟು ನೋಡಿದ ಪೆರಿಫೆರಲ್ ಸ್ಮಿಯರ್ ವರದಿಯನ್ನು ಅದೇ ದಿನ ಕೇಳಬೇಕು. ಖರ್ಚು ಅಲ್ಪ. ಎಪಿಎಲ್‌ನ ಅನುಮಾನ ಬಂದರೆ ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆಟ್ರಾ ಶುರು ಮಾಡುವುದೇ ಇಂದಿನ ನಿಯಮ, ಏಕೆಂದರೆ ಅದು ರಕ್ತಸ್ರಾವದ ಪ್ರವೃತ್ತಿಯನ್ನೂ ಕೆಲವು ದಿನಗಳಲ್ಲಿ ಹತೋಟಿಗೆ ತರುತ್ತದೆ.

ನಿಮ್ಮ ಹುಡುಗನ ಮಜ್ಜೆಯನ್ನು ಸುಮಾರು ನಾಲ್ಕು ವಾರಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಆಗ ಪಿಸಿಆರ್ ಪರೀಕ್ಷೆಯಲ್ಲಿ ಬೆಸುಗೆಯ ಜೀನ್ ಇನ್ನೂ ಕಂಡರೆ ಕುಗ್ಗಬೇಡಿ, ಬಲಿಯುವಿಕೆ ನಿಧಾನದ ಕೆಲಸ. ಅದು ನಿಶ್ಶೇಷವಾಗಿದೆಯೇ ಎಂದು ತೀರ್ಮಾನಿಸುವುದು ಮುಂದಿನ ಸುತ್ತುಗಳು ಮುಗಿದ ಮೇಲೆ. ಒಟ್ಟು ಚಿಕಿತ್ಸೆ ಎಂಟು ಒಂಬತ್ತು ತಿಂಗಳು ಹಿಡಿಯುತ್ತದೆ. ತುಟಿ ಬಿರಿಯುವುದು, ಚರ್ಮ ಒಣಗುವುದು ಇರುತ್ತದೆ, ಅದಕ್ಕೆ ಮಾತ್ರೆ ನಿಲ್ಲಿಸಬಾರದು.

ಉಳಿದ ಲ್ಯುಕೇಮಿಯಗಳಲ್ಲಿ ಇದು ಏಕೆ ಆಗುತ್ತಿಲ್ಲ? ಎಪಿಎಲ್‌ನಲ್ಲಿ ತಡೆ ಒಂದೇ, ಆ ತಡೆಗೆ ಔಷಧಿ ಹಿಡಿಯಬಲ್ಲ ಹಿಡಿಕೆಯೂ ಇದೆ. ಉಳಿದ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಗಳಲ್ಲಿ ಹಲವು ದೋಷಗಳು ಒಟ್ಟಿಗೆ ಇರುತ್ತವೆ, ಅದೂ ರೋಗಿಯಿಂದ ರೋಗಿಗೆ ಬೇರೆ. ಆದರೂ ಪ್ರಗತಿ ಆಗಿದೆ. ಸುಮಾರು ಐವರಲ್ಲಿ ಒಬ್ಬರಿಗೆ ಐಡಿಎಚ್1 ಅಥವಾ ಐಡಿಎಚ್2 ಜೀನಿನಲ್ಲಿ ದೋಷವಿದ್ದು, ಅದರಿಂದ ಹುಟ್ಟುವ ರಾಸಾಯನಿಕವೊಂದು ಕಣ ಬಲಿಯದಂತೆ ತಡೆಯುತ್ತದೆ. ಅದನ್ನು ನಿಲ್ಲಿಸುವ ಎನಾಸಿಡೆನಿಬ್‌ಗೆ 2017ರಲ್ಲಿ, ಐವೋಸಿಡೆನಿಬ್‌ಗೆ 2018ರಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ನೀಡಿತು. ಇನ್ನೊಂದು ಬಗೆಯ ದೋಷಕ್ಕೆ ರೆವುಮೆನಿಬ್ 2024ರಲ್ಲಿ ಬಂತು. ಇವುಗಳಿಂದಲೂ ಕಣ ಬಲಿಯುತ್ತದೆ, ಡಿಫರೆನ್ಷಿಯೇಷನ್ ಸಿಂಡ್ರೋಮ್ ಇವುಗಳಲ್ಲೂ ಬರುತ್ತದೆ. ಆದರೆ ಎನಾಸಿಡೆನಿಬ್‌ನ ಮುಖ್ಯ ಅಧ್ಯಯನದಲ್ಲಿ ರೋಗ ಮರಳಿದ್ದ ರೋಗಿಗಳಲ್ಲಿ ಪೂರ್ತಿ ಹಿಂಜರಿಕೆ ಕಂಡದ್ದು ಐವರಲ್ಲಿ ಒಬ್ಬರಿಗೆ. ಎಪಿಎಲ್‌ನ ಫಲಿತಾಂಶದ ಜತೆ ಇದನ್ನು ಹೋಲಿಸುವಂತಿಲ್ಲ.

ನೆರೆಮನೆಯ ಮಗುವಿನದು ಬೇರೆಯೇ ಕವಲು. ಎಎಲ್‌ಎಲ್, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ, ಹುಟ್ಟುವುದು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿರಕ್ತಕಣ ಆಗಬೇಕಾಗಿದ್ದ ಎಳೆಯ ಕಣಗಳಿಂದ, ಆಟ್ರಾ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರವಿ ಮಜೇಟಿ ಅವರ ತಂಡ 2015ರಲ್ಲಿ ಒಂದು ಬಗೆಯ ಎಎಲ್‌ಎಲ್ ಕಣಗಳನ್ನು ಪ್ರಯೋಗಾಲಯದಲ್ಲಿ ಮ್ಯಾಕ್ರೋಫೇಜ್ ಎಂಬ ನಿರಪಾಯಕಾರಿ ಕಣಗಳಾಗಿ ಮಾರ್ಪಡಿಸಿ ತೋರಿಸಿತು. 'ಕ್ಯಾನ್ಸರ್ ಕಣ ಒಳ್ಳೆಯದಾಯಿತು' ಎಂಬ ಸುದ್ದಿ ನಿಮ್ಮ ಮೊಬೈಲಿಗೂ ಬಂದಿದ್ದರೆ ಅದು ಬಹುಶಃ ಇದೇ ಇರಬೇಕು. ಅದು ವಾರ್ಡಿಗೆ ಬಂದ ಚಿಕಿತ್ಸೆಯಲ್ಲ. ಮಕ್ಕಳ ಎಎಲ್‌ಎಲ್‌ಗೆ ಎರಡರಿಂದ ಎರಡೂವರೆ ವರ್ಷ ನಡೆಯುವ ಕೀಮೋ ಪದ್ಧತಿಯೇ ಬಹುಪಾಲು ಮಕ್ಕಳನ್ನು ಪೂರ್ತಿ ಗುಣಪಡಿಸುತ್ತದೆ. ಹೊಸ ಮದ್ದಿನ ಆಸೆಯಿಂದ ಅದನ್ನು ನಡುವೆ ನಿಲ್ಲಿಸಬಾರದು, ಮಗು ಚೆನ್ನಾಗಿ ಓಡಾಡಿಕೊಂಡಿದೆ ಎಂದು ಕೊನೆಯ ವರ್ಷದ ಮಾತ್ರೆಗಳನ್ನು ತಪ್ಪಿಸಲೂಬಾರದು. ಮಗುವಿನ ತಂದೆತಾಯಿ ವೈದ್ಯರಲ್ಲಿ ಎರಡು ವಿಷಯ ಕೇಳಿ ತಿಳಿದುಕೊಳ್ಳಲಿ: ವರ್ಣತಂತುಗಳ ಇನ್ನೊಂದು ಬಗೆಯ ಅದಲುಬದಲಾದ ಫಿಲಡೆಲ್ಫಿಯ ಕ್ರೋಮೋಸೋಮ್ ಇದೆಯೇ ಎಂಬ ಪರೀಕ್ಷೆ ಆಗಿದೆಯೇ ಎಂಬುದು ಒಂದು, ಏಕೆಂದರೆ ಅದು ಇದ್ದರೆ ಇಮಾಟಿನಿಬ್ ಅಥವಾ ಡಾಸಾಟಿನಿಬ್ ಎಂಬ ಮಾತ್ರೆಯನ್ನು ಸೇರಿಸಬೇಕಾಗುತ್ತದೆ. ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಹುಡುಕಲು ಮೊದಲ ತಿಂಗಳ ಕೊನೆಗೆ ಮಾಡುವ ಎಂಆರ್‌ಡಿ ಪರೀಕ್ಷೆಯಲ್ಲಿ ಏನು ಬಂತು ಎಂಬುದು ಇನ್ನೊಂದು. ಮುಂದಿನ ಕೀಮೋ ಎಷ್ಟು ತೀವ್ರವಾಗಿರಬೇಕು ಎಂಬುದನ್ನು ವೈದ್ಯರು ಬಹುಮಟ್ಟಿಗೆ ಆ ಫಲಿತಾಂಶವನ್ನು ನೋಡಿಯೇ ನಿರ್ಧರಿಸುತ್ತಾರೆ.